ದಾರ ಹಿಡಿದು ದೂರ ಅಳೆಯುವಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1:50,000 ಪ್ರಮಾಣದ ನಕ್ಷೆಯಲ್ಲಿ ಒಂದೇ ದಾರಿಯನ್ನು ದಾರದಿಂದ ಮೂರು ಸಲ ಅಳೆದೆ. ಮೂರು ಸಲವೂ ಬೇರೆ ಬೇರೆ ದೂರ ಬಂತು. ಎಲ್ಲಿ ತಪ್ಪುತ್ತಿದೆ?

ಉತ್ತರ: ಹೆಚ್ಚಾಗಿ ದಾರದಲ್ಲೇ. ಹೊಲಿಗೆ ದಾರ ಎಳೆದರೆ ಹಿಗ್ಗುತ್ತದೆ; ತಿರುವಿನಲ್ಲಿ ಬೆರಳು ಸಡಿಲವಾದರೆ ಒಳಕ್ಕೆ ಜಾರಿ ಅಡ್ಡದಾರಿ ಹಿಡಿಯುತ್ತದೆ. ಹಿಗ್ಗದ ತೆಳು ದಾರಕ್ಕೆ ಸ್ವಲ್ಪ ಮೇಣ ಸವರಿಕೊಳ್ಳಿ, ಬಾಗಿಸಿದ ಹಾಗೆ ನಿಲ್ಲುತ್ತದೆ. ಒಂದು ತುದಿಯನ್ನು ಹೊರಡುವ ಜಾಗದಲ್ಲಿ ಒತ್ತಿ ಹಿಡಿದು, ರಸ್ತೆಗೆರೆಯ ನಟ್ಟನಡುವೆ ಎರಡೆರಡು ಸೆಂ.ಮೀ. ಕೂರಿಸುತ್ತಾ ಹೋಗಿ. ತಲುಪುವ ಜಾಗದಲ್ಲಿ ದಾರಕ್ಕೆ ಪೆನ್ನಿನ ಗುರುತು ಹಾಕಿ, ಜಗ್ಗದೆ ಸ್ಕೇಲಿನ ಮೇಲೆ ನೇರವಾಗಿ ಇಡಿ. ಈ ನಕ್ಷೆಯಲ್ಲಿ 1 ಸೆಂ.ಮೀ. ಅಂದರೆ ಅರ್ಧ ಕಿ.ಮೀ. ದಾರ 37.4 ಸೆಂ.ಮೀ. ಇದ್ದರೆ ದೂರ 18.7 ಕಿ.ಮೀ. ಒಂದು ಮಿ.ಮೀ. ತಪ್ಪಿದರೂ 50 ಮೀಟರ್ ಹೆಚ್ಚುಕಮ್ಮಿ. ಆಚೆ ತುದಿಯಿಂದಲೂ ಒಮ್ಮೆ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸ ಶೇ 2ರೊಳಗಿದ್ದರೆ ಸರಾಸರಿ ತೆಗೆದುಕೊಳ್ಳಿ, ಮೀರಿದರೆ ಮತ್ತೆ ಅಳೆಯಿರಿ.

ನಮ್ಮನ್ನು ಕೇಳಿದರೆ ದಾರಕ್ಕಿಂತ ಕಾಗದದ ಪಟ್ಟಿ ವಾಸಿ. ಪಟ್ಟಿಯ ನೇರ ಅಂಚನ್ನು ರಸ್ತೆಯ ಮೊದಲ ತುಂಡಿಗೆ ಹೊಂದಿಸಿ, ರಸ್ತೆ ಬಾಗುವ ಕಡೆ ಪೆನ್ಸಿಲ್ ಮೊನೆ ಊರಿ, ಅಂಚು ಮುಂದಿನ ತುಂಡಿಗೆ ಕೂರುವಷ್ಟು ಪಟ್ಟಿಯನ್ನು ಆ ಮೊನೆಯ ಸುತ್ತ ತಿರುಗಿಸಿ. ಕೊನೆಯ ತನಕ ಹೀಗೇ. ಆಮೇಲೆ ಪಟ್ಟಿಯನ್ನು ನಕ್ಷೆಯ ಅಡಿಯಲ್ಲಿ ಅಚ್ಚಾದ ಅಳತೆಗೆರೆಗೆ ಹಿಡಿದರೆ ಕಿ.ಮೀ. ನೇರವಾಗಿ ಸಿಗುತ್ತದೆ, ಗುಣಾಕಾರದ ಗೊಡವೆಯಿಲ್ಲ. ಜೆರಾಕ್ಸ್ ಪ್ರತಿಯಾದರೆ ಅಳತೆಗೆರೆಯನ್ನೇ ನಂಬಬೇಕು. ಶೇ 90ಕ್ಕೆ ಕುಗ್ಗಿಸಿದ ಪ್ರತಿಯ ಮೇಲೂ ‘1:50,000’ ಎಂಬ ಬರಹ ಹಾಗೇ ಉಳಿಯುತ್ತದೆ; ಅಳತೆಗೆರೆ ಮಾತ್ರ ನಕ್ಷೆಯ ಜೊತೆಗೇ ಕುಗ್ಗಿರುತ್ತದೆ.

ಪ್ರಶ್ನೆ: ಗುಡ್ಡದ ರಸ್ತೆಯಲ್ಲಿ ಗಾಡಿಯ ಮೀಟರ್ ನಕ್ಷೆಗಿಂತ ಹೆಚ್ಚು ದೂರ ತೋರಿಸುತ್ತದೆ. ಏರನ್ನು ನಕ್ಷೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೇ ಕಾರಣವೇ?

ಉತ್ತರ: ಏರಿನ ಪಾಲು ಬಹಳ ಕಡಿಮೆ. ಒಂದು ಕಿ.ಮೀ.ಗೆ 100 ಮೀಟರ್ ಏರುವ ಕಡಿದಾದ ರಸ್ತೆಯಲ್ಲೂ ಹೆಚ್ಚುವ ಉದ್ದ ಬರೀ 5 ಮೀಟರ್. ನಿಜವಾದ ಕಾರಣ ತಿರುವುಗಳು. 1:2,50,000 ನಕ್ಷೆಯಲ್ಲಿ 1 ಮಿ.ಮೀ. ದಪ್ಪದ ರಸ್ತೆಗೆರೆ ನೆಲದ ಮೇಲೆ 250 ಮೀಟರ್ ಅಗಲವನ್ನು ಮುಚ್ಚುತ್ತದೆ. ಅಷ್ಟರೊಳಗೆ ಸುತ್ತಿ ಬರುವ ಹೇರ್‌ಪಿನ್ ತಿರುವನ್ನು ಬಿಡಿಸಿ ತೋರಿಸಲು ಜಾಗವೇ ಇಲ್ಲ, ಹಾಗಾಗಿ ನಕ್ಷೆ ಬರೆಯುವವರು ಅವನ್ನು ಸವರಿ ನೇರ ಮಾಡಿರುತ್ತಾರೆ. ಗುಡ್ಡದ ಭಾಗಕ್ಕೆ 1:50,000 ಅಥವಾ 1:25,000 ನಕ್ಷೆಯನ್ನೇ ಬಳಸಿ.

ಮೀಟರನ್ನೂ ಪೂರ್ತಿ ನಂಬಬೇಡಿ. ಅದು ಎಣಿಸುವುದು ಚಕ್ರದ ಸುತ್ತುಗಳನ್ನು. 30 ಸೆಂ.ಮೀ. ತ್ರಿಜ್ಯದ ಟೈರ್ 6 ಮಿ.ಮೀ. ಸವೆದಿದ್ದರೆ, 100 ಕಿ.ಮೀ. ಓಡಿದ್ದಕ್ಕೆ ಸುಮಾರು 102 ತೋರಿಸುತ್ತದೆ.

ಪ್ರಶ್ನೆ: ಮೊಬೈಲ್ ನಕ್ಷೆಯಲ್ಲಿ ಹೋಗುವ ದೂರ ಒಂದು, ಬರುವ ದೂರ ಇನ್ನೊಂದು. ಯಾಕೆ?

ಉತ್ತರ: ಏಕಮುಖ ರಸ್ತೆಗಳು, ಮೇಲ್ಸೇತುವೆಗಳು, ದೂರ ಹೋಗಿ ಯು-ಟರ್ನ್ ತೆಗೆದುಕೊಳ್ಳಬೇಕಾದ ಕಡೆಗಳು ಒಂದು ಕಾರಣ. ಇನ್ನೊಂದು, ಅದು ಸಾಮಾನ್ಯವಾಗಿ ಮೊದಲು ತೋರಿಸುವುದು ಬೇಗ ಮುಟ್ಟುವ ದಾರಿಯನ್ನು, ಹತ್ತಿರದ ದಾರಿಯನ್ನಲ್ಲ. ಆ ಹೊತ್ತಿನ ವಾಹನ ದಟ್ಟಣೆ ನೋಡಿ ದಾರಿ ಬದಲಿಸುತ್ತದೆ. ಊರಿನ ಹೆಸರನ್ನಷ್ಟೇ ಕೊಟ್ಟರೆ ಅದು ತಾನೇ ಆರಿಸಿದ ಬಿಂದುವಿನಿಂದ ಅಳೆಯುತ್ತದೆ. ದೊಡ್ಡ ಊರಾದರೆ ಇದರಿಂದಲೇ ಹಲವು ಕಿ.ಮೀ. ಏರುಪೇರಾಗಬಹುದು. ಎರಡೂ ತುದಿಗೆ ನೀವೇ ಪಿನ್ ಹಾಕಿ, ಬದಲಿ ದಾರಿಗಳನ್ನು ತೆರೆದು ಕಿ.ಮೀ. ಹೋಲಿಸಿ.

ಪ್ರಶ್ನೆ: ಅಕ್ಷಾಂಶ, ರೇಖಾಂಶಗಳ ವ್ಯತ್ಯಾಸವನ್ನು 111ರಿಂದ ಗುಣಿಸಿದರೆ ದೂರ ಸಿಗುತ್ತದೆಯೇ?

ಉತ್ತರ: ಅಕ್ಷಾಂಶಕ್ಕೆ ಸರಿ, ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ರೇಖಾಂಶಗಳು ಧ್ರುವದತ್ತ ಹೋದಂತೆ ಒತ್ತಾಗುತ್ತವೆ. ಅಲ್ಲಿ 111ನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. 60 ಡಿಗ್ರಿ ಅಕ್ಷಾಂಶದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಹೀಗೆ ಸಿಗುವುದೂ ಹಕ್ಕಿ ಹಾರುವ ದೂರ, ರಸ್ತೆಯದ್ದಲ್ಲ.