ಕೈಕಸುಬು ಪ್ರಶ್ನೋತ್ತರ: ಮಣಿ ಹೊಲಿದ ಕೂದಲ ಕ್ಲಿಪ್ಪುಗಳು

ಫ್ರೆಂಚ್ ಕ್ಲಿಪ್ಪಿನ ಮೇಲೆ ಮಣಿ ಕಸೂತಿ ಮಾಡುವ ಬಗ್ಗೆ ಈ ಸಲ ಪ್ರಶ್ನೆಗಳು ಹೆಚ್ಚು ಬಂದಿವೆ. ಬಾಗಿದ ಲೋಹದ ಪಟ್ಟಿ, ಒಂದು ತುದಿಯಲ್ಲಿ ಕೀಲು, ಇನ್ನೊಂದು ತುದಿಯಲ್ಲಿ ಚಿಟಕ್ಕನೆ ಬೀಳುವ ಕೊಕ್ಕೆ ಇರುವ ಕ್ಲಿಪ್ ಇದು. ಬರೆದವರಲ್ಲಿ ಹೆಚ್ಚಿನವರಿಗೆ ಚಿತ್ತಾರ ಚೆನ್ನಾಗಿಯೇ ಬಂದಿದೆ, ಕೈಕೊಟ್ಟಿರುವುದು ಹಿಂಭಾಗದ ಜೋಡಣೆ. ಹಾಗಾಗಿ ಎರಡನೆಯ ಉತ್ತರ ಉದ್ದವಾಗಿದೆ. ಮೊದಲ ಸಲ ಮಾಡುವವರು ಅದನ್ನು ಓದಿಕೊಂಡೇ ಸೂಜಿ ಹಿಡಿಯಿರಿ.

ಎಂಟು ಸೆಂ.ಮೀ. ಉದ್ದ, ಮೂರು ಸೆಂ.ಮೀ. ಅಗಲದ ಒಂದು ಕ್ಲಿಪ್ಪಿಗೆ ಏನೇನು ಕೊಳ್ಳಬೇಕು? ಅಂಗಡಿಯಲ್ಲಿ ಶುಗರ್ ಬೀಡ್ಸ್ ಎಂದು ಕೊಡುವ ಮಣಿ ನಡೆಯುತ್ತದೆಯೇ?
– ಓದುಗರು, ಶಿವಮೊಗ್ಗ

ನಡೆಯುತ್ತದೆ, ಆದರೆ ಆರಿಸಿಕೊಳ್ಳಬೇಕು. ನಿಮಗೆ ಬೇಕಾದದ್ದು ಸುಮಾರು 2 ಮಿ.ಮೀ. ದಪ್ಪದ ಗಾಜಿನ ಮಣಿ, ಅಂದರೆ 11/0 ಅಳತೆ. ಸಂಖ್ಯೆ ದೊಡ್ಡದಾದಷ್ಟೂ ಮಣಿ ಚಿಕ್ಕದು: 8/0 ಸುಮಾರು 3 ಮಿ.ಮೀ., 15/0 ಸುಮಾರು ಒಂದೂವರೆ ಮಿ.ಮೀ. ಅಗ್ಗದ ಪೊಟ್ಟಣದಲ್ಲಿ ದಪ್ಪ, ತೆಳು, ಓರೆ ಎಲ್ಲ ಬೆರೆತಿರುತ್ತವೆ. ತಟ್ಟೆಗೆ ಸುರಿದು ಓರೆಯಾದವನ್ನು ತೆಗೆದುಹಾಕಿ. ತೆಳ್ಳಗಿನವನ್ನು ಮಾತ್ರ ಬೇರೆ ಡಬ್ಬಿಯಲ್ಲಿಡಿ, ಸಾಲಿನ ಕೊನೆಯಲ್ಲಿ ಅರ್ಧ ಮಣಿಯಷ್ಟು ಜಾಗ ಉಳಿದಾಗ ಅವೇ ಬೇಕಾಗುತ್ತವೆ. ಜಪಾನಿನ ಮಿಯುಕಿ, ಟೋಹೋ ಮಣಿಗಳಲ್ಲಿ ಈ ಆರಿಸುವ ಕೆಲಸ ತೀರ ಕಡಿಮೆ.

ಒತ್ತಾಗಿ ಹೊಲಿದರೆ ಒಂದು ಚದರ ಸೆಂ.ಮೀ.ಗೆ 11/0 ಮಣಿ ಸುಮಾರು 32 ಹಿಡಿಯುತ್ತವೆ. ನಿಮ್ಮ 24 ಚದರ ಸೆಂ.ಮೀ.ಗೆ 770ರ ಆಸುಪಾಸು, ತೂಕದಲ್ಲಿ 7 ಗ್ರಾಂ. ಅಂಚಿಗೆ ಇನ್ನೂ ನೂರು ಮಣಿ. ಹಿನ್ನೆಲೆಯ ಬಣ್ಣ 10 ಗ್ರಾಂ, ಚಿತ್ತಾರದ ಬಣ್ಣಗಳು ತಲಾ 2–3 ಗ್ರಾಂ ತಂದರೆ ಧಾರಾಳವಾಯಿತು. ಹಿನ್ನೆಲೆಯ ಬಣ್ಣವನ್ನು ಒಂದೇ ಸಲ ಕೊಂಡುಬಿಡಿ. ಮುಂದಿನ ಸಲ ತರುವ ಪೊಟ್ಟಣದ ಬಣ್ಣ ಒಂದು ಛಾಯೆ ಬೇರೆಯಾಗಿರಬಹುದು.

ಉಳಿದದ್ದು: 70 ಮಿ.ಮೀ. ಕ್ಲಿಪ್ (ಮಣಿಕೆಲಸ ಎರಡೂ ಕಡೆ ಅರ್ಧ ಸೆಂ.ಮೀ. ಮುಂದೆ ಬಂದರೆ ಲೋಹ ಕಾಣುವುದಿಲ್ಲ), ಗಟ್ಟಿ ಫೆಲ್ಟ್ ಅಥವಾ ಹತ್ತಿ ಬಟ್ಟೆಗೆ ಅಂಟಿಸಿದ ಎರಡು ಪದರ ಬಕ್ರಂ, 10ನೇ ನಂಬರಿನ ಮಣಿಸೂಜಿ (15/0 ಮಣಿಗೆ 12), ಮಣಿ ಪೋಣಿಸುವ ನೈಲಾನ್ ದಾರ, ಜೇನುಮೇಣ, ಐಸ್‌ಕ್ರೀಂ ಡಬ್ಬಿಯ ಮುಚ್ಚಳದಂಥ ಪ್ಲಾಸ್ಟಿಕ್ ಹಾಳೆ, ಹಿಂಬದಿಗೆ ಮೆತ್ತನೆಯ ತೆಳು ರೆಕ್ಸಿನ್ ಅಥವಾ ಸ್ವೀಡ್ ಬಟ್ಟೆ. ಸಾಮಾನ್ಯ ಹತ್ತಿ ದಾರ ಬೇಡ. ಗಾಜಿನ ತೂತಿನ ಅಂಚು ಅದನ್ನು ದಿನದಿನವೂ ಸವೆಸುತ್ತದೆ. ನೈಲಾನ್ ದಾರವನ್ನು ಪೋಣಿಸುವ ಮೊದಲು ಸ್ವಲ್ಪ ಸ್ವಲ್ಪ ಉದ್ದ ಹಿಡಿದು ಎಳೆದು ಹಿಗ್ಗಿಸಿಕೊಳ್ಳಿ. ಇಲ್ಲದಿದ್ದರೆ ಹೊಲಿದಾದ ಮೇಲೆ ಹಿಗ್ಗಿ ಸಾಲು ಸಡಿಲವಾಗುತ್ತದೆ.

ತಾವರೆಯ ಚಿತ್ತಾರ ಹೊಲಿದು ಅಂಚು ಕಟ್ಟಿ, ಕೊನೆಗೆ ಕ್ಲಿಪ್ಪಿಗೆ ಅಂಟಿಸಿದೆ. ವಾರದೊಳಗೆ ಎರಡೂ ತುದಿ ಎದ್ದವು. ನಡುವೆ ಮಣಿಗಳು ಬಾಯಿ ಬಿಟ್ಟವು, ಹಿಂಬದಿ ಬಟ್ಟೆ ಸುಕ್ಕಾಯಿತು. ಅಂಟು ಸರಿ ಇರಲಿಲ್ಲವೇ?
– ಓದುಗರು, ಹುಬ್ಬಳ್ಳಿ

ಅಂಟಿಗಿಂತ ಮೊದಲು ನೋಡಬೇಕಾದ್ದು ಕೆಲಸದ ಕ್ರಮ. ಕ್ಲಿಪ್ ಬಾಗಿರುತ್ತದೆ, ನೀವು ಸಪಾಟಾಗಿ ಮುಗಿಸಿದ್ದನ್ನು ಅದರ ಮೇಲೆ ಬಗ್ಗಿಸಿದ್ದೀರಿ. 70 ಮಿ.ಮೀ. ಕ್ಲಿಪ್ ನಡುವೆ 7 ಮಿ.ಮೀ. ಉಬ್ಬಿದ್ದರೆ, ಎಂಟು ಸೆಂ.ಮೀ. ಮಣಿಕೆಲಸದ ಹೊರಮೈ ಒಳಮೈಗಿಂತ ಒಂದೂವರೆಯಿಂದ ಎರಡು ಮಿ.ಮೀ. ಉದ್ದ ಬೇಕಾಗುತ್ತದೆ. ಒಂದು ಮಣಿಯಷ್ಟೇ ವ್ಯತ್ಯಾಸ, ಆದರೆ ಅಂಚಿನ ಹೊಲಿಗೆ ಮುಂದಿನ ಪದರವನ್ನೂ ಹಿಂದಿನ ಪದರವನ್ನೂ ಒಂದೇ ಅಳತೆಗೆ ಬಿಗಿದಾಗಿದೆ. ಬಗ್ಗಿಸಿದಾಗ ಮುಂದೆ ಜಗ್ಗುತ್ತದೆ, ಹಿಂದೆ ಸುಕ್ಕಾಗುತ್ತದೆ. ಆ ಜಗ್ಗಾಟವೆಲ್ಲ ತುದಿಯ ಅಂಟಿನ ಮೇಲೆ ಬಿದ್ದು ಅದು ಏಳುತ್ತದೆ. ಎಂಥ ಅಂಟು ಹಾಕಿದ್ದರೂ ಇದೇ ಆಗುತ್ತಿತ್ತು.

ಮುಂದಿನ ಸಲ ಹೀಗೆ ಮಾಡಿ. ಮಣಿ ಹೊಲಿದಾದ ಮೇಲೆ ಸುತ್ತಲೂ 2 ಮಿ.ಮೀ. ಫೆಲ್ಟ್ ಬಿಟ್ಟು ಕತ್ತರಿಸಿ, ಹಿಂದಿನ ದಾರಕ್ಕೆ ಕತ್ತರಿ ತಾಗದಿರಲಿ. ಪ್ಲಾಸ್ಟಿಕ್ ಹಾಳೆಯನ್ನು ಅದೇ ಆಕಾರಕ್ಕೆ, ಆದರೆ ಫೆಲ್ಟಿನ ಅಂಚಿಗಿಂತ ಸುತ್ತಲೂ 3 ಮಿ.ಮೀ. ಚಿಕ್ಕದಾಗಿ ಕತ್ತರಿಸಿ, ಮೂಲೆಗಳನ್ನು ದುಂಡು ಮಾಡಿ. ಆ 3 ಮಿ.ಮೀ. ಬಿಡದಿದ್ದರೆ ಅಂಚು ಕಟ್ಟುವಾಗ ಸೂಜಿ ಪ್ಲಾಸ್ಟಿಕ್ಕಿಗೆ ತಗುಲಿ ಮುರಿಯುತ್ತದೆ. ಮೂಲೆ ಚೂಪಾಗಿ ಉಳಿದರೆ ಒಳಗಿನಿಂದಲೇ ದಾರ ಕತ್ತರಿಸಿಹೋಗುತ್ತದೆ.

ಕ್ಲಿಪ್ ತೆರೆದು, ನಡುವೆ ಸಿಕ್ಕಿಸಿರುವ ಬಾಗಿದ ಸ್ಪ್ರಿಂಗ್ ಪಟ್ಟಿಯನ್ನು ಕಳಚಿಡಿ, ಎಲ್ಲ ಮುಗಿದ ಮೇಲೆ ಮರಳಿ ಸಿಕ್ಕಿಸಬಹುದು. ತಳಪಟ್ಟಿಯ, ಅಂದರೆ ಮಣಿಕೆಲಸ ಕೂರುವ ಬಾಗಿದ ಪಟ್ಟಿಯ, ಎರಡೂ ತುದಿಯಲ್ಲಿ ಪುಟ್ಟ ತೂತುಗಳಿರುತ್ತವೆ. ಅವಕ್ಕೆ ನೇರವಾಗಿ ಪ್ಲಾಸ್ಟಿಕ್ಕಿನಲ್ಲಿ ಕಾಯಿಸಿದ ಸೂಜಿಯಿಂದ ತೂತು ಮಾಡಿ, ಜೋಡಿ ದಾರದಿಂದ ಕ್ಲಿಪ್ಪನ್ನು ಪ್ಲಾಸ್ಟಿಕ್ಕಿಗೆ ಹೊಲಿದುಬಿಡಿ. ತುದಿಗೆ ನಾಲ್ಕೈದು ಸುತ್ತು, ನಡುವೆ ಪಟ್ಟಿಯ ಮೇಲಿಂದ ಎರಡು ಸುತ್ತು. ಈಗ ಪ್ಲಾಸ್ಟಿಕ್ ತಾನಾಗಿಯೇ ಕ್ಲಿಪ್ಪಿನ ಬಾಗು ಹಿಡಿಯುತ್ತದೆ. ಕ್ಲಿಪ್ ನಿಲ್ಲಬೇಕಾದ್ದು ಈ ಹೊಲಿಗೆಯ ಮೇಲೆ, ಅಂಟಿನ ಮೇಲೆ ಅಲ್ಲ. ಹೀಗೆ ಮಾಡಿದರೆ ಮಣಿಗಳ ನಡುವೆ ಹೊಲಿಗೆಯೂ ಕಾಣುವುದಿಲ್ಲ.

ಬಾಗಿದ ಪ್ಲಾಸ್ಟಿಕ್ಕಿನ ಮೇಲೆ ಅಂಟು ತೆಳ್ಳಗೆ ಸವರಿ ಮಣಿಕೆಲಸ ಕೂರಿಸಿ. ನಡುವಿನಿಂದ ತುದಿಯ ಕಡೆಗೆ ಒತ್ತುತ್ತಾ ಬನ್ನಿ. ಅಗಲವಾದ ಬಟ್ಟೆಪಟ್ಟಿ ಸುತ್ತಿ ಒಂದು ದಿನ ಪೂರ್ತಿ ಒಣಗಲು ಬಿಡಿ. ಹಿಂಬದಿಯ ರೆಕ್ಸಿನ್ನಿನಲ್ಲಿ ಕೀಲು ಮತ್ತು ಕೊಕ್ಕೆ ಬರುವ ಕಡೆ ಎರಡು ಸೀಳು ಮಾಡಿ. ಸೀಳು ಲೋಹದ ಅಗಲಕ್ಕಿಂತ 1 ಮಿ.ಮೀ. ಕಡಿಮೆಯೇ ಇರಲಿ, ಎಳೆದಾಗ ಹಿಗ್ಗುತ್ತದೆ. ತೆರೆದ ಕ್ಲಿಪ್ಪಿನ ತೋಳನ್ನು ಒಂದು ಸೀಳಿನಿಂದ, ಕೊಕ್ಕೆಯನ್ನು ಇನ್ನೊಂದರಿಂದ ಹೊರತಂದು ರೆಕ್ಸಿನ್ನನ್ನು ಅಂಟಿಸಿ. ಇದು ಒಣಗಿದ ಮೇಲೆಯೇ, ಬಾಗು ಹಾಗೆಯೇ ಇರುವಾಗ, ಅಂಚು ಕಟ್ಟಬೇಕು.

ಅಂಚಿಗೆ: ಎರಡು ಮಣಿ ಪೋಣಿಸಿ, ಅಂಚಿನಿಂದ ಒಂದೂವರೆ ಮಿ.ಮೀ. ಒಳಗೆ ಎರಡೂ ಪದರ ದಾಟಿಸಿ ಸೂಜಿ ತಂದು, ಎರಡನೆಯ ಮಣಿಯೊಳಗಿಂದ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಆಮೇಲೆ ಒಂದೊಂದೇ ಮಣಿ. ಹೊಲಿಗೆಯಿಂದ ಹೊಲಿಗೆಗೆ ಒಂದು ಮಣಿಯ ದಪ್ಪದಷ್ಟು ದೂರ. ಹತ್ತಿರ ಹತ್ತಿರ ಹಾಕಿದರೆ ಅಂಚು ಅಲೆಅಲೆಯಾಗುತ್ತದೆ, ದೂರವಾದರೆ ದಾರ ಇಣುಕುತ್ತದೆ.

ಇನ್ನು ಅಂಟು. ಸಿಂಥೆಟಿಕ್ ರಬ್ಬರಿನ ಅಂಟು ಅಥವಾ ಇ-6000 ಥರದ್ದು ಒಣಗಿದ ಮೇಲೂ ಬಾಗುತ್ತದೆ, ಅದೇ ಬೇಕು. ಸೂಪರ್ ಗ್ಲೂ ಗಾಜಿನಷ್ಟೇ ಪೆಡಸಾಗಿ ಬಿರುಕು ಬಿಡುತ್ತದೆ, ಅದರ ಆವಿ ಸುತ್ತಲಿನ ಮಣಿಗಳ ಮೇಲೆ ಬೆಳ್ಳಗೆ ಕೂರುತ್ತದೆ. ಮರಗೆಲಸದ ಬಿಳಿ ಅಂಟಿಗೆ ಲೋಹದ ಮೇಲೆ ಹಿಡಿತವಿಲ್ಲ.

ಕಸೂತಿಯ ಆನೆಯನ್ನು ಚೌಕುಳಿ ಹಾಳೆಯಲ್ಲಿ ಬರೆದುಕೊಂಡು ಡೆಲಿಕಾ 11/0 ಮಣಿಯಿಂದ ಮಣಿಮಗ್ಗದಲ್ಲಿ ನೇಯ್ದೆ. ಎಣಿಕೆ ತಪ್ಪಿಲ್ಲ, ಆದರೂ ಆನೆ ಎಳೆದು ಉದ್ದ ಮಾಡಿದಂತಿದೆ.
– ಓದುಗರು, ಧಾರವಾಡ

ನಿಮ್ಮ ಹಾಳೆಯ ಮನೆ ಚೌಕ, ಮಣಿ ಚೌಕವಲ್ಲ. ನೀವು ಬಳಸಿರುವ ಡೆಲಿಕಾ 11/0 ಕೊಳವೆಯಾಕಾರದ ಮಣಿ (ಮೇಲೆ ಹೇಳಿದ ಸಾಮಾನ್ಯ 11/0 ಮಣಿಗಿಂತ ತುಸು ಚಿಕ್ಕದು) ಸುಮಾರು 1.6 ಮಿ.ಮೀ. ದಪ್ಪ, ತೂತಿನ ದಿಕ್ಕಿನಲ್ಲಿ 1.3 ಮಿ.ಮೀ. ಉದ್ದ. ಮಗ್ಗದಲ್ಲಿ ಹಾಸು ಕ್ಲಿಪ್ಪಿನ ಉದ್ದಕ್ಕೆ ಇರುತ್ತದೆ, ಹೊಕ್ಕಿನ ದಾರ ಮಣಿಯ ತೂತಿನಲ್ಲಿ ಅಡ್ಡ ಹಾಯುತ್ತದೆ. ಹಾಗಾಗಿ ಪ್ರತಿ ಮನೆಯೂ ಉದ್ದಕ್ಕೆ 1.6, ಅಡ್ಡಕ್ಕೆ 1.3. ಹಾಳೆಯ ಮೇಲೆ 16ಕ್ಕೆ 16 ಇರುವ ಆನೆ ಕ್ಲಿಪ್ಪಿನ ಮೇಲೆ ಎರಡೂವರೆ ಸೆಂ.ಮೀ. ಉದ್ದ, ಎರಡು ಸೆಂ.ಮೀ. ಎತ್ತರ ಬರುತ್ತದೆ. ಎತ್ತರಕ್ಕೆ 16 ಮನೆ ಇಟ್ಟುಕೊಂಡು ಉದ್ದಕ್ಕೆ 13 ಮಾಡಿ, ಎರಡೂ 20.8 ಮಿ.ಮೀ. ಆಗುತ್ತದೆ. ಮೂರು ಮನೆಯನ್ನು ಹೊಟ್ಟೆಯಲ್ಲೂ ಬೆನ್ನಿನಲ್ಲೂ ಕಳೆಯಿರಿ, ಸೊಂಡಿಲು ಮತ್ತು ಕಾಲುಗಳನ್ನು ಮುಟ್ಟಬೇಡಿ. ಆನೆಯ ಗುರುತು ಇರುವುದು ಅಲ್ಲೇ.

ಕಸೂತಿಯನ್ನು ಮಣಿಗೆ ತರುವುದು ನಿಜಕ್ಕೂ ಒಳ್ಳೆಯ ಯೋಚನೆ. ಎರಡೂ ಎಣಿಕೆಯ ಕೆಲಸ. ಮುರ್ಗಿ ಹೊಲಿಗೆಯ ಮೆಟ್ಟಿಲು ಸಾಲು ಹಾಗೆಯೇ ಇಳಿಯುತ್ತದೆ. ಗವಂತಿ ಹೊಲಿಗೆಯ ಓರೆ ಗೆರೆ ಮಾತ್ರ ಮಣಿಯಲ್ಲಿ ಮೆಟ್ಟಿಲಾಗಿ ಒಡೆಯುತ್ತದೆ. ಅದಕ್ಕೆ ಓರೆ ಗೆರೆ ಕಡಿಮೆ ಇರುವ ಗೋಪುರ, ತುಳಸಿಕಟ್ಟೆ, ತೇರು ಮೊದಲು ಆರಿಸಿಕೊಳ್ಳಿ. 3 ಸೆಂ.ಮೀ. ಅಗಲಕ್ಕೆ 23 ಮಣಿ ಬರುತ್ತವೆ. ಬೆಸ ಸಂಖ್ಯೆಯಾದ್ದರಿಂದ ನಡುಗೆರೆ ಸಿಗುತ್ತದೆ, ಗೋಪುರಕ್ಕೆ ಅದು ಬೇಕೇ ಬೇಕು. ಕಸೂತಿಯ ಗೆರೆ ಮಣಿಯಲ್ಲಿ ಒಂದೇ ಮಣಿಯಷ್ಟು ದಪ್ಪ ಇರುವುದರಿಂದ ಹಿನ್ನೆಲೆ ಹೊಳೆಯಬಾರದು. ಚಂದ್ರಕಾಳಿ ಸೀರೆಯ ಕಪ್ಪನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಳಪಿಲ್ಲದ ಕಪ್ಪು ಮಣಿ ಹಾಕಿ, ಚಿತ್ತಾರಕ್ಕೆ ಬಿಳಿ, ಕೆಂಪು, ಹಸಿರು ಹೊಳಪು ಮಣಿ ಬಳಸಿ ನೋಡಿ.

ನವಿಲಿನ ಕುತ್ತಿಗೆಯ ತಿರುವಿನಲ್ಲಿ ಮಣಿಸಾಲು ಮೂಲೆ ಮೂಲೆಯಾಗುತ್ತದೆ. ಗರಿಯ ಕಣ್ಣಿನ ಸುತ್ತು ಮೇಲೆದ್ದು ನಿಲ್ಲುತ್ತದೆ.
– ಓದುಗರು, ಮೈಸೂರು

ಬ್ಯಾಕ್ ಸ್ಟಿಚ್‌ನಲ್ಲಿ ನೇರ ಗೆರೆಗೆ ನಾಲ್ಕು ಮಣಿ ಪೋಣಿಸಿ ಕೆಳಗಿಳಿದು, ಎರಡನೆಯ ಮತ್ತು ಮೂರನೆಯ ಮಣಿಯ ನಡುವೆ ಮೇಲೆ ಬಂದು, ಕೊನೆಯ ಎರಡರೊಳಗೆ ಮತ್ತೆ ದಾಟುವುದು ಸರಿ. ತಿರುವಿನಲ್ಲಿ ನಾಲ್ಕು ಮಣಿ ಒಟ್ಟಿಗೆ ಬಾಗುವುದಿಲ್ಲ, ಎರಡೆರಡೇ ಹಾಕಿ. ಕುತ್ತಿಗೆಯ ಹೊರಗೆರೆ ಪೂರ್ತಿಯಾದ ಮೇಲೆ ಇಡೀ ಸಾಲಿನೊಳಗೆ ಇನ್ನೊಮ್ಮೆ ದಾರ ಹಾಯಿಸಿ, ಅಂಕುಡೊಂಕು ತೀರಿ ಬಳುಕು ಬರುತ್ತದೆ. ಕೊಕ್ಕು, ತುರಾಯಿಗೆ 15/0 ಮಣಿ ಇಲ್ಲದೆ ಆಗದು.

ಗರಿಯ ಕಣ್ಣು ಏಳುವುದು ಮಣಿ ಹೆಚ್ಚಾಗಿರುವುದರಿಂದ. ನಡುವೆ ಒಂದು, ಮೊದಲ ಸುತ್ತಿಗೆ 6ರಿಂದ 8, ಆಮೇಲೆ ಪ್ರತಿ ಸುತ್ತಿಗೂ ಹಿಂದಿನದಕ್ಕಿಂತ 6ರಿಂದ 9 ಹೆಚ್ಚು, ನಿಮ್ಮ ಮಣಿಯ ದಪ್ಪ ನೋಡಿಕೊಂಡು. ಕೊನೆಯ ಮಣಿಯನ್ನು ಒತ್ತಿ ತುರುಕಬೇಡಿ, ಎತ್ತಿಟ್ಟ ತೆಳು ಮಣಿ ಹಾಕಿ. ಹೊಲಿದಾಗಿದ್ದರೆ ಹೆಚ್ಚಿನ ಮಣಿಯೊಂದನ್ನು ಒಡೆದು ತೆಗೆಯಬಹುದು: ಮಣಿಯ ತೂತಿನಲ್ಲಿ ದಾರದ ಪಕ್ಕ ಸೂಜಿ ತೂರಿಸಿಟ್ಟು ಇಕ್ಕಳದಿಂದ ಒತ್ತಿ. ಸೂಜಿ ಇದ್ದರೆ ಚೂರು ಒಳಗೆ ಬಿದ್ದು ದಾರ ಕತ್ತರಿಸುವುದಿಲ್ಲ. ಕಣ್ಣಿಗೆ ಕನ್ನಡಕವಿರಲಿ, ಮೇಲೆ ಬಟ್ಟೆ ಹಿಡಿಯಿರಿ.

ನನಗೆ ಆರಿ ವರ್ಕ್ ಚೆನ್ನಾಗಿ ಬರುತ್ತದೆ. ಚೌಕಟ್ಟಿನ ಮೇಲೆ ಒಂದೇ ಸಲ ಹತ್ತು ಕ್ಲಿಪ್ಪಿನ ಚಿತ್ತಾರ ಹಾಕಿ ಕತ್ತರಿಸಬಹುದೇ?
– ಓದುಗರು, ಮಂಡ್ಯ

ಹಾಕಬಹುದು, ಸಮಯವೂ ಉಳಿಯುತ್ತದೆ. ಕತ್ತರಿಸುವಾಗ ಎಚ್ಚರ. ಆರಿಯದ್ದು ಸರಪಳಿ ಹೊಲಿಗೆ, ಕೊನೆಯ ಕುಣಿಕೆ ತುಂಡಾದರೆ ಸರಸರನೆ ಬಿಚ್ಚಿಕೊಳ್ಳುತ್ತದೆ. ಪ್ರತಿ ಸಾಲಿನ ಕೊನೆಗೂ ಗಂಟು ಹಾಕಿ, ಬಟ್ಟೆ ಚೌಕಟ್ಟಿನಲ್ಲಿ ಬಿಗಿಯಾಗಿರುವಾಗಲೇ ಹಿಂದೆ ಬಟ್ಟೆಯ ಅಂಟು ತೆಳ್ಳಗೆ ಸವರಿ ಒಣಗಿಸಿ, ಆಮೇಲೆ ಬಿಡಿಸಿ. ಎರಡು ಚಿತ್ತಾರಗಳ ನಡುವೆ ಒಂದೂವರೆ ಸೆಂ.ಮೀ. ಜಾಗ ಬಿಟ್ಟಿದ್ದರೆ ಸುತ್ತಲೂ 5 ಮಿ.ಮೀ. ಉಳಿಸಿ ಕತ್ತರಿಸಿ ಒಳಮಡಚಬಹುದು. ರವಿಕೆಯ ತೋಳಿಗಿಂತ ಕ್ಲಿಪ್ಪಿಗೆ ಉಜ್ಜಾಟ ಹೆಚ್ಚು, ಹೊರಗೆರೆಯನ್ನಾದರೂ ಸೂಜಿಯಿಂದ ನೈಲಾನ್ ದಾರದಲ್ಲಿ ಹೊಲಿಯಿರಿ.

ಗುಲಾಬಿ ಮಣಿಗಳು ಎರಡು ತಿಂಗಳಲ್ಲಿ ಬೆಳ್ಳಗಾದವು. ಎಣ್ಣೆಯಿಂದಲೇ?
– ಓದುಗರು, ದಾವಣಗೆರೆ

ಎಣ್ಣೆ, ಬೆವರು, ಬಿಸಿಲು ಮೂರೂ ಸೇರಿ. ಗಾಜೇ ಬಣ್ಣದ್ದಾದರೆ ಹೋಗುವುದಿಲ್ಲ, ಮೇಲೆ ಬಳಿದ ಅಥವಾ ತೂತಿನೊಳಗೆ ತುಂಬಿದ ಬಣ್ಣ ಹೋಗುತ್ತದೆ. ಗುಲಾಬಿ ಮತ್ತು ನೇರಳೆಯಲ್ಲಿ ಬಳಿದ ಬಣ್ಣವೇ ಹೆಚ್ಚು. ಕೊಂಡ ದಿನವೇ ಹತ್ತು ಮಣಿಯನ್ನು ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಅದ್ದಿದ ಬಿಳಿ ಹತ್ತಿಯಿಂದ ಉಜ್ಜಿ, ಇನ್ನು ಹತ್ತನ್ನು ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ಹತ್ತಿಗೋ ನೀರಿಗೋ ಬಣ್ಣ ಬಿಟ್ಟರೆ ಆ ಮಣಿ ಗೋಡೆಯ ಅಲಂಕಾರಕ್ಕೆ ಸರಿ, ಕೂದಲಿಗೆ ಬೇಡ.

ಇಲ್ಲಿಯ ಪೌವೌಗಳಲ್ಲಿ (ಮೂಲನಿವಾಸಿಗಳ ಹಾಡು-ಕುಣಿತದ ಕೂಟಗಳಲ್ಲಿ) ಅಮೆರಿಕದ ಮೂಲನಿವಾಸಿಗಳು ಧರಿಸುವ ಮಣಿಯ ಕ್ಲಿಪ್ ನೋಡಿ ಬೆರಗಾದೆ. ಅವರ ಮಣಿ ಅಷ್ಟು ಸಪಾಟಾಗಿ ಕೂರುವುದು ಹೇಗೆ? ಅಂಥವನ್ನು ಮಾಡಿ ಮಾರಬಹುದೇ?
– ಓದುಗರು, ನ್ಯೂ ಜೆರ್ಸಿ

ಅವರಲ್ಲಿ ಬಹಳ ಮಂದಿ ಎರಡು ಸೂಜಿಯ ಪದ್ಧತಿಯಲ್ಲಿ ಹೊಲಿಯುತ್ತಾರೆ. ಒಂದು ಸೂಜಿಯ ದಾರದಲ್ಲಿ ಮಣಿಸಾಲು ಇರುತ್ತದೆ. ಇನ್ನೊಂದು ಸೂಜಿ ಎರಡು ಮೂರು ಮಣಿಗೊಮ್ಮೆ ಆ ದಾರದ ಮೇಲಿಂದ ಹಾಯ್ದು ಅದನ್ನು ತಳಕ್ಕೆ ಕಟ್ಟುತ್ತದೆ. ಮಣಿಯೊಳಗೆ ಒಂದೇ ದಾರ ಇರುವುದರಿಂದ ತೂತು ಚಿಕ್ಕದಾದ ಸಣ್ಣ ಮಣಿಯೂ ನಡೆಯುತ್ತದೆ. ಒಂದು ಮುಖ ಮಾತ್ರ ಸಾಣೆ ಹಿಡಿದ ಷಾರ್ಲೆಟ್ ಮಣಿಯನ್ನು ಅಲ್ಲಲ್ಲಿ ಸೇರಿಸುವುದರಿಂದ ಮಿಣುಕು ಬರುತ್ತದೆ. ಐರೋಪ್ಯರ ವ್ಯಾಪಾರದಿಂದ ಗಾಜಿನ ಮಣಿ ಬರುವ ಮೊದಲು ಅವರು ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಹಾಕಿ ಇದೇ ನಯದಲ್ಲಿ ಕಸೂತಿ ಮಾಡುತ್ತಿದ್ದರು.

ಹೊಲಿಗೆ ಕಲಿಯಿರಿ. ಚಿತ್ತಾರದ ಮಾತು ಬೇರೆ. ಮಹಾ ಸರೋವರಗಳ ಕಡೆಯ ಒಜಿಬ್ವೆಯವರ ಹೂಬಳ್ಳಿಗೂ ಬಯಲುಸೀಮೆಯ ಲಕೋಟಾ ಜನರ ಕೋನಾಕೃತಿಗಳಿಗೂ ಅವರವರ ಸಮುದಾಯ, ಮನೆತನಗಳ ನಂಟಿದೆ. ಮೂಲನಿವಾಸಿಗಳದ್ದಲ್ಲದ ಕೆಲಸವನ್ನು ಅವರದ್ದೆಂದು ಹೇಳಿ ಮಾರುವುದು 1990ರ ಇಂಡಿಯನ್ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಕಾಯ್ದೆಯಡಿ ಅಪರಾಧ. ನಿಮ್ಮ ಬಳಿ ಜಡೆಬಿಲ್ಲೆ, ರಾಗಟೆ, ಮಾವಿನಕಾಯಿ, ರಂಗೋಲಿಯ ಎಳೆಗಳಿವೆ. ಆ ಹೊಲಿಗೆಯಲ್ಲಿ ಇವನ್ನು ಹೊಲಿದು ಮಾರಿ. ಅವರ ಚಿತ್ತಾರವೇ ಬೇಕೆನಿಸಿದರೆ ಪೌವೌನಲ್ಲಿ ಮಾಡಿದವರ ಕೈಯಿಂದಲೇ ಕೊಳ್ಳಿ.

ಒಂದೇ ಕ್ಲಿಪ್ ಅಮ್ಮನ ಕೂದಲಿನಲ್ಲಿ ಜಾರುತ್ತದೆ, ಮಗಳ ದಪ್ಪ ಜಡೆಗೆ ಮುಚ್ಚುವುದೇ ಇಲ್ಲ.
– ಓದುಗರು, ಬೆಂಗಳೂರು

ಮಗಳ ಕ್ಲಿಪ್ಪಿನಿಂದ ನಡುವಿನ ಸ್ಪ್ರಿಂಗ್ ಪಟ್ಟಿ ಕಳಚಿ, ಒಳಗೆ ಜಾಗವಾಗುತ್ತದೆ. ಅಮ್ಮನಿಗೆ ಅದನ್ನು ಹಾಗೇ ಇಟ್ಟು, ತಳಪಟ್ಟಿಯ ಒಳಮೈಗೆ 5 ಮಿ.ಮೀ. ಅಗಲದ ವೆಲ್ವೆಟ್ ರಿಬ್ಬನ್ ಅಂಟಿಸಿ. ತೆಳು ಕೂದಲಿಗೆ 60 ಮಿ.ಮೀ.ಗಿಂತ ದೊಡ್ಡ ಕ್ಲಿಪ್ ಮಾಡದಿರುವುದೇ ಮೇಲು. ಗಾಜು ತೂಕದ ವಸ್ತು, ಎಷ್ಟು ಬಿಗಿದರೂ ಕೆಳಕ್ಕೆ ಎಳೆಯುತ್ತದೆ.