ಮೊಟ್ಟೆಗೆ ಅಡಿಗಲ್ಲು ಹಾಕಲು ಬರುವುದಿಲ್ಲ, ಮೇಷ್ಟ್ರೇ

ಪತ್ರ: "ಶಾಲೆ ಮಕ್ಕಳಿಗೆ ಮೊಟ್ಟೆ ಕೊಡಲು ಸರ್ಕಾರ ಇಷ್ಟೊಂದು ದುಡ್ಡು ಸುರಿಯಬೇಕಾ? ಉಣ್ಣಿಸುವುದು ತಂದೆ-ತಾಯಿ ಕೆಲಸ. ಅದೇ ದುಡ್ಡಲ್ಲಿ ನಮ್ಮೂರ ಶಾಲೆಗೆ ಕಾಂಪೌಂಡ್ ಕಟ್ಟಿಸಲಿ. ಹಂದಿ ಕಾಟ ವಿಪರೀತ." (ನಿವೃತ್ತ ಶಿಕ್ಷಕರು, ಸಿಂಧನೂರು ತಾಲ್ಲೂಕು)

ಸಂಪಾದಕರ ಉತ್ತರ: ಮೇಷ್ಟ್ರೇ, ಈ ಕಾಲದಲ್ಲೂ ಇನ್‌ಲ್ಯಾಂಡ್ ಲೆಟರ್‌ನಲ್ಲಿ ಅಷ್ಟು ದುಂಡಗೆ ಬರೆದಿದ್ದೀರಿ. ಮೊದಲು ಅದಕ್ಕೊಂದು ನಮಸ್ಕಾರ. ಕಾಂಪೌಂಡ್ ಬೇಕು, ಒಪ್ಪಿದೆ. ಅದಕ್ಕೆ ಮಕ್ಕಳ ತಟ್ಟೆಗೇ ಕೈ ಹಾಕಬೇಕಾ?

ತಂದೆ-ತಾಯಿ ಕೆಲಸ ಅಂದಿರಿ. ಗುಳೆ ಹೋಗುವುದು ನಿಮಗೆ ಗೊತ್ತಿಲ್ಲದ್ದಾ? ಕಾಲುವೆ ನೀರು ಮುಟ್ಟದ ಊರುಗಳಲ್ಲಿ ಅಪ್ಪ-ಅವ್ವ ಬೆಂಗಳೂರಲ್ಲಿ ಇಟ್ಟಿಗೆ ಹೊರುತ್ತಿರುತ್ತಾರೆ. ಮಗು ಅಜ್ಜಿ ಹತ್ತಿರ. ಅಜ್ಜಿ ರೊಟ್ಟಿ, ಪುಂಡಿಪಲ್ಯೆ ಹೊಟ್ಟೆ ತುಂಬ ಹಾಕುತ್ತಾಳೆ. ಮೊಟ್ಟೆ ಎಲ್ಲಿಂದ ತರಬೇಕು ಆಕೆ?

2002ರಲ್ಲಿ ಅಕ್ಷರ ದಾಸೋಹ, ಅಂದರೆ ಶಾಲೆಯ ಬಿಸಿಯೂಟ, ಶುರುವಾದದ್ದು ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಉತ್ತರದ 7 ಜಿಲ್ಲೆಗಳಲ್ಲಿ. ಆಗ ನೀವಿನ್ನೂ ಸರ್ವಿಸ್‌ನಲ್ಲಿ ಇದ್ದಿರಬೇಕು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಬಂದದ್ದೂ ಮೊದಲು ನಮ್ಮ ಕಡೆಗೇ. ಎರಡು ಸಲವೂ ನಾವೇ ಫಸ್ಟ್. ಅಪೌಷ್ಟಿಕತೆ ನಮ್ಮ ಮಕ್ಕಳಲ್ಲೇ ಜಾಸ್ತಿ ಅಂತ ಸಿಕ್ಕ ಫಸ್ಟ್ ಅದು! ತಿನ್ನದ ಮಗುವಿಗೆ ಬಾಳೆಹಣ್ಣು ಇದೆ, ಬಲವಂತ ಯಾರಿಗೂ ಇಲ್ಲ. ಇನ್ನು ಸರ್ಕಾರದ ದುಡ್ಡು ಅಂದಿರಿ. 2024ರಲ್ಲಿ ವಾರಕ್ಕೆ 6 ದಿನ ಮೊಟ್ಟೆ ಅಂತ ಆದಾಗ ಅದರಲ್ಲಿ 4 ದಿನದ ಖರ್ಚು ಹೊತ್ತದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್. ಸರ್ಕಾರದ ಪಾಲು 2 ದಿನದ್ದು.

ಲಿಂಗಸುಗೂರು ಕಡೆ ಒಂದು ಶಾಲೆಗೆ ಹೋಗಿದ್ದೆ. ಹೆಡ್‌ಮಾಸ್ಟರ್ ಟೇಬಲ್ ಕೆಳಗೆ ಮೊಟ್ಟೆ ಟ್ರೇ, ಮೇಲೆ ಅದರದ್ದೇ ರಿಜಿಸ್ಟರ್. ಆಗ ಒಂದು ಮೊಟ್ಟೆಗೆ ಸಿಗುತ್ತಿದ್ದದ್ದು 6 ರೂಪಾಯಿ. ತರುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ. ಒಡೆದರೆ ಅವರ ಜೇಬಿಗೇ ಬರೆ. "ಸರ್, ಬೆಳಿಗ್ಗೆ ಹಾಜರಿ ಕೂಗೋಕೆ ಮುಂಚೆ ಹೊಸಪೇಟೆ ಮೊಟ್ಟೆ ರೇಟ್ ನೋಡ್ತೀನಿ" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಖರ್ಚು ಜಾಸ್ತಿ ಅಂತ ನೀವು ಬರೆದಿದ್ದೀರಿ. ನನಗೆ ಆ 6 ರೂಪಾಯಿಯೇ ಕಮ್ಮಿ ಅನ್ನಿಸಿತು.

ದುಡ್ಡಿಗೆ ಬರ ಇಲ್ಲ ಮೇಷ್ಟ್ರೇ. ನಮ್ಮ ಭಾಗದ ಅಭಿವೃದ್ಧಿಗೆ ಇರುವ ಕಲ್ಯಾಣ ಕರ್ನಾಟಕ ಮಂಡಳಿಗೆ ಅಂತ ಬಜೆಟ್‌ನಲ್ಲಿ 5,000 ಕೋಟಿ ಓದುತ್ತಾರೆ. ನಮ್ಮ ರಸ್ತೆಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ ಬನ್ನಿ. ಊರಿಗೊಂದು ಸ್ವಾಗತ ಕಮಾನು. ಬೀಗ ಜಡಿದ ಸಮುದಾಯ ಭವನ, ಜಗಲಿ ಮೇಲೆ ಒಣಹಾಕಿದ ಮೆಣಸಿನಕಾಯಿ. ಗೋಡೆಯಲ್ಲಿ ಮಾತ್ರ ಹೆಸರು ಕೆತ್ತಿದ ಕಲ್ಲು ಫಳಫಳ. ಕಟ್ಟಡಕ್ಕೆ ಟೆಂಡರ್ ಇರುತ್ತದೆ, ಗುತ್ತಿಗೆದಾರ ಇರುತ್ತಾನೆ, ರಿಬ್ಬನ್ ಇರುತ್ತದೆ. ಮಗು ತಿಂದ ಮೊಟ್ಟೆಗೆ ಯಾರ ಹೆಸರು ಕೆತ್ತುತ್ತೀರಿ? ಮಕ್ಕಳ ಊಟದ ಲೆಕ್ಕವನ್ನು ಮಾತ್ರ ಎಲ್ಲರೂ ಪೈಸೆ ಪೈಸೆ ಕೇಳುತ್ತಾರೆ. ನಿಮ್ಮಂಥ ತಿಳಿದವರೂ ಅದೇ ಸಾಲಲ್ಲಿ ನಿಂತಿರಲ್ಲ ಅಂತ ಬೇಜಾರು.

ಎಷ್ಟೋ ಊರುಗಳಲ್ಲಿ ಶಾಲೆ ಕಾಂಪೌಂಡನ್ನು ನರೇಗಾ ದುಡ್ಡಲ್ಲೇ ಕಟ್ಟಿದ್ದಾರೆ. ನಿಮ್ಮಲ್ಲಿ ಯಾಕಾಗಲಿಲ್ಲ ಅಂತ ಪಂಚಾಯಿತಿಯನ್ನು ಕೇಳಿ. ಒಂದು ಫೋಟೊ ನನಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಹಂದಿ ಚೆನ್ನಾಗಿ ಕಾಣುವ ಹಾಗೆ ತೆಗೆಯಿರಿ.