ಗ್ಯೂದೋನ್ ಸಿಹಿ ಇರೋದು ನಿಜ, ಆದರೂ ತಿನ್ನಿ

ಜಪಾನಿನ ಕ್ಯೋಟೋಗೆ ಹೋದಾಗ ಮಧ್ಯಾಹ್ನದ ಊಟಕ್ಕೆ ಗ್ಯೂದೋನ್, ಅಂದರೆ ಅನ್ನದ ಮೇಲೆ ಬೀಫ್ ಹಾಕಿ ಕೊಡುವ ಬಟ್ಟಲು ತಿನ್ನಬೇಕು ಅಂತ ಬರೆದಿದ್ದೀರಿ. ಅದು ಸಿಹಿ ಅಂತ ಯಾರೋ ಹೇಳಿದ್ದಾರೆ, ಖಾರ ತಿಂದು ಬೆಳೆದ ನಾಲಿಗೆಗೆ ಹಿಡಿಸುತ್ತಾ, ಚೈನ್ ಹೋಟೆಲಿಗೆ ಹೋಗೋದಾ ಚಿಕ್ಕ ಕೆಫೆಗಾ ಅನ್ನೋದು ನಿಮ್ಮ ಪ್ರಶ್ನೆ.

ಮೊದಲ ಸಲ ಆದರೆ ಕೆಫೆಗೇ ಹೋಗಿ. ಚೈನ್ ಕೆಟ್ಟದ್ದು ಅಂತಲ್ಲ, ಕೆಲಸದ ದಿನ ನಾನೂ ಅಲ್ಲೇ ತಿನ್ನುತ್ತೇನೆ. ಯೋಶಿನೋಯಾ ಎನ್ನುವ ಗ್ಯೂದೋನ್ ಚೈನ್ ಶುರುವಾಗಿದ್ದು 1899ರಲ್ಲಿ, ಟೋಕಿಯೋದ ನಿಹೊನ್‌ಬಾಶಿ ಮೀನು ಮಾರುಕಟ್ಟೆಯಲ್ಲಿ. ಅವಸರದಲ್ಲಿರುವ ಕೆಲಸಗಾರರಿಗೆ ಬೇಗ ಹೊಟ್ಟೆ ತುಂಬಿಸುವ ಊಟ ಅದು. ಇವತ್ತಿಗೂ ಹಾಗೇ. ಸುಮಾರು 500 ಯೆನ್, ಆರ್ಡರ್ ಮಾಡಿ ಉಸಿರು ಬಿಡೋದರೊಳಗೆ ಬಟ್ಟಲು ಮುಂದೆ. ರಜೆಗೆ ಬಂದವರು ಅಷ್ಟು ಅವಸರ ಪಡೋದು ಯಾಕೆ?

ಇನ್ನು ಸಿಹಿಯ ವಿಷಯ. ತೆಳ್ಳಗೆ ಹೆಚ್ಚಿದ ಬೀಫ್ ಮತ್ತು ಈರುಳ್ಳಿಯನ್ನು ದಾಶಿ, ಸೋಯಾ ಸಾಸ್, ಮಿರಿನ್, ಸಕ್ಕರೆಯ ರಸದಲ್ಲಿ ಬೇಯಿಸುತ್ತಾರೆ. ದಾಶಿ ಅಂದರೆ ಕೊಂಬು ಎನ್ನುವ ಕಡಲಪಾಚಿ, ಒಣಗಿಸಿದ ಬೊನಿಟೋ ಮೀನು ಹಾಕಿ ತೆಗೆದ ತಿಳಿಸಾರು. ಮಿರಿನ್ ಅಕ್ಕಿಯಿಂದ ಮಾಡಿದ ಸಿಹಿ ಮದ್ಯ, ಮದ್ಯ ಬೇಡ ಅನ್ನುವವರಿಗೆ ಇದು ಗೊತ್ತಿರಲಿ. ಮಸಾಲೆ, ಒಗ್ಗರಣೆ ಏನೂ ಇಲ್ಲ. ನಮ್ಮಲ್ಲಿ ಬೀಫ್ ಅಂದರೆ ಕುಕ್ಕರಿನಲ್ಲಿ ಸೀಟಿ ಮೇಲೆ ಸೀಟಿ ಹಾಕಿಸಿ, ಮೆಣಸು, ಧನಿಯ ಹಿಡಿಸಿ ಮಾಡೋದು ಅಲ್ವಾ? ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೂತರೆ ಮೊದಲ ತುತ್ತಿಗೆ "ಇಷ್ಟೇನಾ" ಅನಿಸುತ್ತೆ. ಮಾಂಸ ಬಿಟ್ಟು ಕೆಳಗಿನ ಅನ್ನ ತಿಂದು ನೋಡಿ. ಕೊಬ್ಬು ಕರಗಿದ ರಸ ಅದಕ್ಕೇ ಇಳಿದಿರುತ್ತೆ. ಅಂಟು ಅನ್ನ ಆದ್ದರಿಂದ ರಸ ತಳಕ್ಕೆ ಓಡಿಹೋಗದೆ ಅಗುಳಿಗೆ ಹಿಡಿದುಕೊಂಡಿರುತ್ತೆ. ನನ್ನ ಪ್ರಕಾರ ಈ ಊಟದ ಅರ್ಧ ರುಚಿ ಅಲ್ಲೇ ಇರೋದು.

ನಾನು ಹೋಗುವ ಕೆಫೆ ಕ್ಯೋಟೋದ ಒಂದು ಹಳೇ ಮರದ ಮನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಒಲೆ ಕೌಂಟರಿನ ಆಚೆಗೇ ಇದೆ. ಯಜಮಾನರು ಒಬ್ಬೊಬ್ಬರಿಗೂ ಬೇರೆ ಬೇರೆ ಚಿಕ್ಕ ಬಾಣಲೆಯಲ್ಲಿ ಮಾಡುತ್ತಾರೆ. ಮಾಂಸದ ಕೆಂಪು ಹೋಗುತ್ತಿದ್ದ ಹಾಗೇ ಬೆಂಕಿ ಆರಿಸುತ್ತಾರೆ, ಒಂದು ಕ್ಷಣ ಜಾಸ್ತಿ ಇಲ್ಲ. ಮಾಂಸದ ಅಂಚು ಸುರುಟಿಕೊಂಡಿರುತ್ತೆ, ಈರುಳ್ಳಿ ಇನ್ನೂ ಸ್ವಲ್ಪ ಕರುಂ ಅನ್ನುತ್ತೆ. ಮೇಲೆ ಓರೆಯಾಗಿ ಕತ್ತರಿಸಿದ ಕುಜೋ ನೆಗಿ, ಅದು ಕ್ಯೋಟೋದ್ದೇ ಹಸಿರು ಈರುಳ್ಳಿ ಸೊಪ್ಪು. ನಡುವೆ ಹಸಿ ಮೊಟ್ಟೆಯ ಹಳದಿ. ಹಸಿ ಮೊಟ್ಟೆ ಅಂದರೆ ನಮ್ಮವರು ಹಿಂದೆ ಸರಿಯುತ್ತಾರೆ, ಜಪಾನಿನಲ್ಲಿ ಮೊಟ್ಟೆಯ ಮೇಲೆ ಬರೆಯುವ ದಿನಾಂಕವೇ ಹಸಿಯಾಗಿ ತಿನ್ನಬಹುದಾದ ಅವಧಿಯದ್ದು. ಆದರೂ ಬೇಡ ಅನಿಸಿದರೆ ಅರೆಬೆಂದ ಓನ್ಸೆನ್ ತಮಾಗೋ ಇದೆಯಾ ಕೇಳಿ. ಪಕ್ಕದಲ್ಲಿ ಮಿಸೋ, ಅಂದರೆ ಹುದುಗಿಸಿದ ಸೋಯಾ ಮುದ್ದೆ, ಹಾಕಿದ ಸಾರು, ಒಂದಿಷ್ಟು ಉಪ್ಪಿನಕಾಯಿ. ಎಲ್ಲ ಸೇರಿ ಸಾವಿರ ಯೆನ್ ದಾಟುತ್ತೆ, ಕೊಡಬಹುದು.

ಖಾರ ಬೇಕೇ ಬೇಕು ಅಂದರೆ ಮೇಜಿನ ಮೇಲೆ ಶಿಚಿಮಿ ಇರುತ್ತೆ, ಏಳು ಸಾಮಾನಿನ ಮೆಣಸಿನ ಪುಡಿ. ನಾನು ಅದಕ್ಕಿಂತ ಸಾನ್ಶೋ ಪುಡಿಯನ್ನೇ ಕೇಳುತ್ತೇನೆ. ನೀವು ಕರಾವಳಿಯವರಾದರೆ ಬಾಯಿಗಿಟ್ಟ ತಕ್ಷಣ ಗೊತ್ತಾಗುತ್ತೆ. ಮೀನು ಸಾರಿಗೆ ಹಾಕುವ ಜುಮ್ಮನಕಾಯಿಯ ಜಾತಿಯದ್ದೇ ಅದು, ನಾಲಿಗೆ ಜುಮ್ ಅನ್ನುತ್ತೆ. ಸಿಹಿ ಹತೋಟಿಗೆ ಬರುತ್ತೆ. ಕೆಂಪು ಶುಂಠಿ, ಬೆನಿ ಶೋಗಾ, ಕೊಟ್ಟರೆ ಸುಮ್ನೆ ಪಕ್ಕಕ್ಕೆ ತಳ್ಳಬೇಡಿ. ಎರಡು ತುತ್ತಿಗೊಮ್ಮೆ ಒಂದೆಳೆ ಕಚ್ಚಿ.

ಹೀಗೆ ಬೀಫ್ ತಿನ್ನುವ ದೇಶದಲ್ಲಿ 675ರಲ್ಲೇ ತೆನ್ಮು ಚಕ್ರವರ್ತಿ ದನದ ಮಾಂಸ ನಿಷೇಧಿಸಿದ್ದ ಅಂದರೆ ನಂಬ್ತೀರಾ? ಮೇಜಿ ಚಕ್ರವರ್ತಿ 1872ರಲ್ಲಿ ತಾನೇ ತಿಂದು ತೋರಿಸಿದ ಮೇಲೆ ಜನ ಧೈರ್ಯ ಮಾಡಿದರು.

ಜೊತೆಗೆ ಸಸ್ಯಾಹಾರಿಗಳು ಬಂದರೆ ಮೊದಲೇ ಹೇಳಿಬಿಡಿ, ಮಿಸೋ ಸಾರಿಗೂ ಸಾಮಾನ್ಯವಾಗಿ ಮೀನಿನ ದಾಶಿಯೇ ಬೀಳುತ್ತೆ. ಹನ್ನೊಂದೂವರೆಗೇ ಹೋಗಿ, ಎರಡು ಗಂಟೆ ಹೊತ್ತಿಗೆ ಎಷ್ಟೋ ಕಡೆ ಊಟ ನಿಂತಿರುತ್ತೆ. ಸ್ವಲ್ಪ ನಗದು ಇಟ್ಟುಕೊಳ್ಳಿ. ಕಾಫಿ ಊಟದ ಜೊತೆ ಕೊಡೋದಾ, ಆಮೇಲಾ ಅಂತ ಕೇಳುತ್ತಾರೆ. "ಶೋಕುಗೋ" ಅನ್ನಿ, ಊಟ ಆದ ಮೇಲೆ ಬಿಸಿಬಿಸಿ ತಂದುಕೊಡುತ್ತಾರೆ.